ಬೆಂಗಳೂರಿನ ಬೀದಿಯಲ್ಲಿ ವಿಜ್ಞಾನ ಹುಡುಕಿ, ಪಕ್ಕದ ಮನೆಯವರಿಗೂ ತೋರಿಸಿ

ಒಂದಡಿ ಉದ್ದದ ಪಿವಿಸಿ ಪೈಪ್ ತುಂಡು ಸಾಕು. ಪ್ಲಂಬರ್ ಬಿಟ್ಟುಹೋದದ್ದು ಮನೆಯ ಯಾವುದಾದರೂ ಮೂಲೆಯಲ್ಲಿ ಬಿದ್ದಿರುತ್ತದೆ. ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆಗೆ ಅದನ್ನು ತಾರಸಿಗೆ ತೆಗೆದುಕೊಂಡು ಹೋಗಿ, ಸಮವಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ. ನೆರಳು ಗಿಡ್ಡ ಆಗುತ್ತಾ ಬರುತ್ತದೆ. 12 ಗಂಟೆ 17 ನಿಮಿಷದ ಹೊತ್ತಿಗೆ ನೆರಳೇ ಇಲ್ಲ! ಆಗ ಪೈಪನ್ನು ಒಂದಿಂಚು ಮೇಲೆತ್ತಿ ಹಿಡಿಯಿರಿ. ನೆಲದ ಮೇಲೆ ಬಳೆಯಂಥ ದುಂಡು ನೆರಳು, ಅದರ ನಡುವೆ ಬಿಸಿಲು. ಎರಡು ಮೂರು ನಿಮಿಷ ಅಷ್ಟೇ, ಆಮೇಲೆ ನೆರಳು ಇನ್ನೊಂದು ಬದಿಗೆ ಇಣುಕಲು ಶುರುವಾಗುತ್ತದೆ.

ಮಟಮಟ ಮಧ್ಯಾಹ್ನ ಸೂರ್ಯ ದಿನಾ ನೆತ್ತಿಯ ಮೇಲೇ ಇರುತ್ತಾನೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಬೆಂಗಳೂರಿಗೆ ಅದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 24-25ರ ಸುಮಾರಿಗೆ, ಆಮೇಲೆ ಆಗಸ್ಟ್ 18ರ ಸುಮಾರಿಗೆ. ನಮ್ಮ ಊರು ಭೂಮಧ್ಯ ರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಸೂರ್ಯ ಮಾರ್ಚಿನಿಂದ ಜೂನ್‌ವರೆಗೆ ಉತ್ತರಕ್ಕೆ ಸರಿಯುವಾಗ ಒಮ್ಮೆ, ವಾಪಸ್ ಬರುವಾಗ ಒಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತಾನೆ. ಮೈಸೂರಿಗೆ ಒಂದೆರಡು ದಿನ ಮೊದಲೇ, ಹುಬ್ಬಳ್ಳಿಗೆ ಮೇ ಮೊದಲ ವಾರ. ದೆಹಲಿಯಲ್ಲಿರುವ ನಿಮ್ಮ ಅಣ್ಣನಿಗೆ ಈ ದಿನ ಬರುವುದೇ ಇಲ್ಲ, ಯಾಕೆಂದರೆ ಸೂರ್ಯ ಅಷ್ಟು ಉತ್ತರಕ್ಕೆ ಹೋಗುವುದಿಲ್ಲ. 12ಕ್ಕೇ ಆಗಬೇಕಿತ್ತಲ್ಲ, 12:17 ಯಾಕೆ ಅಂತ ಯಾರಾದರೂ ಕೇಳಿದರೆ ಖುಷಿಪಡಿ, ಅದು ಒಳ್ಳೆಯ ಪ್ರಶ್ನೆ. ಇಡೀ ದೇಶದ ಗಡಿಯಾರ ಪೂರ್ವಕ್ಕಿರುವ ಒಂದು ರೇಖೆಗೆ ಹೊಂದಿಕೊಂಡಿದೆ, ಅಲ್ಲಿಂದ ಸೂರ್ಯ ನಮ್ಮ ನೆತ್ತಿಗೆ ಬರಲು ಅಷ್ಟು ಹೊತ್ತು ಬೇಕು.

ಮೊದಲ ವರ್ಷ ನಾನು ಪೈಪಿನ ಬದಲು ಸ್ಟೀಲ್ ಲೋಟ ಇಟ್ಟಿದ್ದೆ. ಬಾಯಿ ಅಗಲ, ಬುಡ ಕಿರಿದು. ಸೂರ್ಯ ನೆತ್ತಿಗೆ ಬಂದರೂ ಬುಡದ ಸುತ್ತ ನೆರಳು ಹಾಗೇ ಉಳಿಯಿತು, ಕರೆದುಕೊಂಡು ಬಂದ ಮಕ್ಕಳು "ಎಲ್ಲಿ ಹೋಯ್ತು ಆಂಟಿ?" ಅಂತ ಕೇಳಿದರು. ಹಾಗಾಗಿ ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರುವ ವಸ್ತು ಇಡಿ. ಆಗಸ್ಟಿನಲ್ಲಿ ಮೋಡದ ಕಾಟ ಜಾಸ್ತಿ, ನೆಚ್ಚಿಕೊಳ್ಳುವುದಾದರೆ ಏಪ್ರಿಲ್ ಒಳ್ಳೆಯದು. ಮತ್ತೆ, ಯಾರೂ ಸೂರ್ಯನನ್ನು ನೇರವಾಗಿ ನೋಡದಂತೆ ಮೊದಲೇ ಹೇಳಿಬಿಡಿ.

ಇಂಥದ್ದನ್ನೆಲ್ಲ ಎಲ್ಲಿ ಹುಡುಕುವುದು? ನನ್ನ ಅನುಭವದಲ್ಲಿ, ದಿನಾ ಒಂದೇ ಕೆಲಸವನ್ನು ಕೈಯಾರೆ ಮಾಡುವವರ ಹತ್ತಿರ. ಅವರ ಕೈಗೆ ಗೊತ್ತಿರುವ ವಿಜ್ಞಾನ ನಮ್ಮ ಪುಸ್ತಕಕ್ಕಿಂತ ಮುಂದಿರುತ್ತದೆ. ದರ್ಶಿನಿಯಲ್ಲಿ ದೋಸೆ ಹಾಕುವ ಭಟ್ಟರನ್ನೇ ನೋಡಿ. ದೋಸೆ ಎದ್ದ ಮೇಲೆ ಕಾವಲಿಗೆ ಒಂದು ಚೊಂಬು ನೀರು ಎರಚುತ್ತಾರೆ, ಪೊರಕೆಯಲ್ಲಿ ಗುಡಿಸುತ್ತಾರೆ, ತಕ್ಷಣ ಹಿಟ್ಟು ಹಾಕುತ್ತಾರೆ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಗಟ್ಟಿಯಾಗಿ ಹರಡುವುದೇ ಇಲ್ಲ, ಅದಕ್ಕೇ ಈ ನೀರು. ಆದರೆ ನೀವು ಗಮನಿಸಬೇಕಾದದ್ದು ಅಂಚಿಗೆ ಹಾರಿದ ಹನಿಗಳನ್ನು. ಕಾವಲಿ ಸಾಧಾರಣ ಬಿಸಿ ಇದ್ದರೆ ಹನಿ ಚುಂಯ್ ಅಂತ ಆರಿಹೋಗುತ್ತದೆ. ವಿಪರೀತ ಕಾದಿದ್ದರೆ ಅದೇ ಹನಿ ಆರುವುದಿಲ್ಲ, ಪಾದರಸದ ಗುಂಡಿನ ಹಾಗೆ ಉರುಳಾಡುತ್ತದೆ, ಜಾಸ್ತಿ ಹೊತ್ತು ಬದುಕುತ್ತದೆ. ಬಿಸಿ ಹೆಚ್ಚಾದರೆ ಬೇಗ ಆರಬೇಕಲ್ವಾ?

ಹನಿಯ ತಳ ಕಾವಲಿ ಮುಟ್ಟುವ ಮೊದಲೇ ಆವಿಯಾಗಿ ಒಂದು ತೆಳ್ಳಗಿನ ಹಾಸಿಗೆ ಆಗುತ್ತದೆ. ಹನಿ ಅದರ ಮೇಲೆ ತೇಲುತ್ತದೆ. ಆವಿಯ ಮೂಲಕ ಶಾಖ ಸುಲಭವಾಗಿ ದಾಟುವುದಿಲ್ಲ, ಅದಕ್ಕೇ ಹನಿ ಉಳಿಯುತ್ತದೆ. ಲೈಡನ್‌ಫ್ರಾಸ್ಟ್ ಎನ್ನುವ ಜರ್ಮನ್ ವೈದ್ಯರು 1756ರಲ್ಲೇ ಇದನ್ನು ಕಾದ ಕಬ್ಬಿಣದ ಸೌಟಿನಲ್ಲಿ ನೋಡಿ ಬರೆದಿಟ್ಟರು, ಇವತ್ತಿಗೂ ಇದಕ್ಕೆ ಅವರದೇ ಹೆಸರು. ಮನೆಯಲ್ಲಿ ಮಾಡಿ ನೋಡುವುದಾದರೆ ಕಬ್ಬಿಣದ ಕಾವಲಿಯಲ್ಲೇ ಮಾಡಿ, ನಾನ್‌ಸ್ಟಿಕ್ ತವಾ ಅಷ್ಟು ಕಾಯಿಸುವುದು ಒಳ್ಳೆಯದಲ್ಲ. ಎಣ್ಣೆ ಸವರಿರಬಾರದು. ಚಮಚದಲ್ಲಿ ಒಂದೊಂದೇ ಹನಿ ಬಿಡಿ, ಮಕ್ಕಳು ಒಂದು ಮಾರು ದೂರ ನಿಲ್ಲಲಿ. ಭಟ್ಟರ ಹತ್ತಿರ ಮಾತಾಡಬೇಕಿದ್ದರೆ ಬೆಳಗಿನ ರಷ್ ಮುಗಿದು 11 ಗಂಟೆಯ ಮೇಲೆ ಹೋಗಿ. "ಕಾವು ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ ಸುಮ್ನೆ ನಿಂತುಬಿಡಿ. ನಾನು ಕೇಳಿದಾಗ ಒಬ್ಬರು "ಸದ್ದು ಕೇಳ್ತೀನಿ" ಅಂದರು.

ಹಬ್ಬ, ದೇವಸ್ಥಾನಗಳಲ್ಲೂ ಹುಡುಕಿ, ಆದರೆ ಅಲ್ಲಿ ಮಾತು ಮೆತ್ತಗಿರಲಿ. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರದಲ್ಲಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬಿಸಿಲು ಬೀಳುವುದನ್ನು ನೋಡಲು ಎಷ್ಟೊಂದು ಜನ ಸೇರುತ್ತಾರೆ. ಅಲ್ಲಿಂದ ಬಂದ ಅಜ್ಜಿಗೆ "ಅದೇನು ಪವಾಡ ಅಲ್ಲ" ಅಂತ ಶುರುಮಾಡಿದರೆ ಮಾತು ಅಲ್ಲಿಗೇ ನಿಂತಿತು. ಅದರ ಬದಲು ಕ್ಯಾಲೆಂಡರ್ ತೆಗೆಯಿರಿ. ಸೂರ್ಯ ದಕ್ಷಿಣದ ತುದಿ ಮುಟ್ಟುವುದು ಡಿಸೆಂಬರ್ 21ರ ಸುಮಾರಿಗೆ. ಅದಕ್ಕೆ 24 ದಿನ ಕೂಡಿಸಿದರೆ ಜನವರಿ 14. 24 ದಿನ ಕಳೆದರೆ? ನವೆಂಬರ್ 27. ಆ ದಿನವೂ ಸೂರ್ಯ ಅದೇ ಜಾಗದಲ್ಲಿರಬೇಕು, ಅಂದರೆ ನವೆಂಬರ್ ಕೊನೆಯಲ್ಲೂ ಬಿಸಿಲು ಒಳಗೆ ಬರಬೇಕು. ಬರುತ್ತದೆ ಕೂಡ! ಅಜ್ಜಿಗೆ ಇನ್ನೊಂದು ದರ್ಶನ ಸಿಗುತ್ತದೆ, ನಿಮಗೆ ಪೈಪಿನ ನೆರಳಿನ ಕಥೆ ಮುಂದುವರಿಸಲು ದಾರಿ ಸಿಗುತ್ತದೆ. ಎರಡೂ ಕಡೆ ನಡೆಯುವುದು ಸೂರ್ಯನ ಹೋಗಿ-ಬರುವ ಲೆಕ್ಕವೇ.

ಲಾಲ್‌ಬಾಗಿನ ಬಂಡೆಗೆ ಯಾರನ್ನಾದರೂ ಕರೆದುಕೊಂಡು ಹೋದರೆ ಫಲಕ ಓದಿಸುವ ಮೊದಲು ಕೂರಿಸಿ. ಕಲ್ಲಿನಲ್ಲಿರುವ ಬಿಳಿ-ಕಪ್ಪು ಪಟ್ಟೆಗಳ ಮೇಲೆ ಬೆರಳಾಡಿಸಲಿ. ಆ ಪಟ್ಟೆ ಬಂದದ್ದು ಭೂಮಿಯ ಆಳದಲ್ಲಿ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲಿರುವ ಕೆಂಪೇಗೌಡರ ಗೋಪುರವನ್ನು ನಾವು ಹಳೆಯದು ಅಂತೀವಿ.

ಹೇಳುವ ರೀತಿಯ ಬಗ್ಗೆ ನನಗೆ ಒಂದೇ ಹಟ: ಮೊದಲು ವಸ್ತು ತೋರಿಸಿ, ಆಮೇಲೆ ಪ್ರಶ್ನೆ ಕೇಳಿ, ಆಮೇಲೆ ಕಾಯಿರಿ. ಕಾಯುವುದೇ ಕಷ್ಟ. ಉತ್ತರ ನಾಲಿಗೆ ತುದಿಯಲ್ಲಿರುತ್ತದೆ, ಆದರೂ ಅವರು ಒಂದು ಊಹೆ ಹೇಳುವವರೆಗೆ ಬಾಯಿ ಬಿಡಬೇಡಿ. ತಪ್ಪು ಊಹೆಯಾದರೆ ಇನ್ನೂ ಒಳ್ಳೆಯದು, ಈಗ ಅವರಿಗೂ ನೋಡಬೇಕು ಅನ್ನಿಸಿರುತ್ತದೆ. ಮಾತು ಮನೆಮಾತೇ ಆಗಿರಲಿ. "ಬಾಷ್ಪೀಕರಣ" ಬೇಡ, "ನೀರು ಆರೋದು" ಸಾಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡೋಣ" ಅನ್ನಿ. ಬೆಂಗಳೂರಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97ಕ್ಕೇ ಕುದಿಯುತ್ತದೆ ಅಂತ ನಾನು ಹೇಳಿದಾಗ ನಮ್ಮತ್ತೆ ನಂಬಲಿಲ್ಲ. ನಾನು ವಾದ ಮಾಡಲಿಲ್ಲ, ಅಡುಗೆಮನೆ ಥರ್ಮಾಮೀಟರ್ ತಂದು ಕೈಗೆ ಕೊಟ್ಟೆ. ಆಮೇಲೆ ಅವರೇ ಮಂಗಳೂರಿನ ತಂಗಿಗೆ ಫೋನ್ ಮಾಡಿ ಅಲ್ಲೂ ಅಳೆಸಿದರು. ನಾವು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದೇವೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ ಅನ್ನುವುದು ಆಮೇಲೆ ಸಲೀಸಾಗಿ ಇಳಿಯಿತು.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಉದ್ದುದ್ದ ಬರೆದರೆ ಯಾರೂ ಓದುವುದಿಲ್ಲ. ಒಂದು ಫೋಟೊ, ಒಂದು ಪ್ರಶ್ನೆ, "ನಾಳೆ 12ಕ್ಕೆ ತಾರಸಿಗೆ ಬನ್ನಿ" ಅಂತ ಒಂದು ಸಾಲು. ಮುಂದೆ ಕಳಿಸುವ ಮೊದಲು ಪರೀಕ್ಷಿಸಿ. ಆಗಸ್ಟಿನಲ್ಲಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಸುಳ್ಳು ಸಂದೇಶ 2003ರಿಂದ ತಿರುಗಾಡುತ್ತಿದೆ. ಅದು ಬಂದ ರಾತ್ರಿ ಎಲ್ಲರನ್ನೂ ಹೊರಗೆ ಕರೆದು ಆಕಾಶ ತೋರಿಸಿಬಿಡಿ, ಬರೆದು ಜಗಳ ಆಡುವುದು ಬೇಡ.

ದೊಡ್ಡ ಸಂಸ್ಥೆಗಳೂ ಇವೆ, ಬಳಸಿಕೊಳ್ಳಿ. ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನ ಇರುತ್ತದೆ, ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಅವತ್ತು ಜನಜಾತ್ರೆ, ಬೆಳಗ್ಗೆಯೇ ಹೋಗಿ ಎರಡು ಮೂರು ವಿಭಾಗ ಮಾತ್ರ ನಿಧಾನವಾಗಿ ನೋಡಿ.

ಇನ್ನು ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಹೋದವರೆಲ್ಲ ಒಂದು ಸೇರು ಕೊಳ್ಳುತ್ತೀರಿ ತಾನೇ? ಕೊಳ್ಳುವಾಗ ಮಾರುವ ರೈತರನ್ನು ಕೇಳಿ, ಕಡಲೆಕಾಯಿ ಬೇರಿಗೆ ಬಿಡುತ್ತಾ, ಹೂವಿಗಾ ಅಂತ. ಹೂ ಬಿಡುವುದು ನೆಲದ ಮೇಲೆ. ಆಮೇಲೆ ಸೂಜಿಯಂಥ ಒಂದು ಎಳೆ ಕೆಳಗಿಳಿದು ಮಣ್ಣು ಹೊಕ್ಕು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಬುಡಸಮೇತ ಕಿತ್ತ ಗಿಡ ಒಂದು ಸಿಕ್ಕರೆ ಪೇಪರಲ್ಲಿ ಸುತ್ತಿ ಮನೆಗೆ ತನ್ನಿ. ಕಾಯಿ ತೂಗುವ ಎಳೆ ಬೇರಿನಿಂದ ಹೊರಟಿದೆಯೋ ಕಾಂಡದಿಂದಲೋ ಅಂತ ಬೆರಳಲ್ಲಿ ಹಿಡಿದು ಹುಡುಕಲು ಮಕ್ಕಳಿಗೆ ಬಿಡಿ, ಉತ್ತರ ಮಾತ್ರ ಹೇಳಬೇಡಿ.