ಸ್ಪೇಸ್ ಇನ್ವೇಡರ್ಸ್‌ಗೆ ನಾನೇ ಎಮ್ಯುಲೇಟರ್ ಬರೆದ ಅನುಭವ

ಏಲಿಯನ್‌ಗಳು ಕಡಿಮೆಯಾದಷ್ಟೂ ಉಳಿದವುಗಳ ಓಟ ಜೋರಾಗುತ್ತದೆ. ಸಾಲಾಗಿ ಇಳಿದು ಬರುವ ಏಲಿಯನ್‌ಗಳನ್ನು ಗುಂಡು ಹಾರಿಸಿ ಉರುಳಿಸುವ ಹಳೆಯ ವಿಡಿಯೋ ಗೇಮ್ ಸ್ಪೇಸ್ ಇನ್ವೇಡರ್ಸ್ ಆಡಿದವರಿಗೆಲ್ಲ ಇದು ಗೊತ್ತು. ಕೊನೆಯದೊಂದು ಉಳಿದಾಗಂತೂ ಕೈ ಬೆವರುತ್ತದೆ. ಆ ವೇಗ ಎಲ್ಲಿಂದ ಬರುತ್ತದೆ ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಅದಕ್ಕೆ ನಾನೇ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆಯೇ ನಡೆದುಕೊಂಡು ಅದರ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್, ಬರೆದಾಗ.

1978ರಲ್ಲಿ ಜಪಾನಿನ ಟೈಟೊ ಕಂಪನಿಯಲ್ಲಿ ಈ ಆಟ ಮಾಡಿದವರು ತೊಮೊಹಿರೊ ನಿಶಿಕಾಡೊ. ಚಿತ್ರ, ಪ್ರೋಗ್ರಾಂ, ಹಾರ್ಡ್‌ವೇರ್ ಎಲ್ಲ ಬಹುತೇಕ ಅವರೊಬ್ಬರ ಕೆಲಸವೇ. ಪ್ರೊಸೆಸರ್ ಇಂಟೆಲ್ 8080, ವೇಗ 2 ಮೆಗಾಹರ್ಟ್ಸ್. ಇಡೀ ಪ್ರೋಗ್ರಾಂ 8 ಕಿಲೋಬೈಟ್. ಇಷ್ಟು ಚಿಕ್ಕದಾಗಿರುವುದರಿಂದಲೇ ಎಮ್ಯುಲೇಟರ್ ಕಲಿಯುವ ಎಷ್ಟೋ ಜನ ಇಲ್ಲಿಂದ ಶುರು ಮಾಡುತ್ತಾರೆ. ನಾನೂ ಸಿ ಭಾಷೆಯಲ್ಲಿ ಹಾಗೇ ಶುರು ಮಾಡಿದೆ.

ಮೊದಲ ಹಂತ ಬೇಸರದ್ದೇ. ಮೆಮೊರಿಯಿಂದ ಒಂದು ಬೈಟ್ ಓದು, ಅದು ಯಾವ ಸೂಚನೆ ನೋಡು, ಅದರಂತೆ ಮಾಡು. ಒಂದೊಂದು ಸೂಚನೆಗೂ ಒಂದೊಂದು ದಾರಿ ಇರುವ, ಸಿ ಭಾಷೆಯ ಒಂದು ದೊಡ್ಡ ಸ್ವಿಚ್, ಅಷ್ಟೇ. ಆಟ ಹಾಕುವ ಮೊದಲು 8080 ಪರೀಕ್ಷಿಸುವ ಪ್ರೋಗ್ರಾಂ ಒಂದನ್ನು ಓಡಿಸಿ ನೋಡಿ. ಆಮೇಲೆ ತಲೆನೋವು ಕಡಿಮೆ.

ಪರದೆಯ ಕೆಲಸ ಬಂದಾಗ ಖುಷಿ ಶುರುವಾಯಿತು. 7 ಕಿಲೋಬೈಟ್ ಮೆಮೊರಿಯೇ ಪರದೆ, ಒಂದು ಬಿಟ್‌ಗೆ ಒಂದು ಚುಕ್ಕೆ. ಅದನ್ನು ಹಾಗೇ ಬಿಡಿಸಿದರೆ ಆಟ ಪಕ್ಕಕ್ಕೆ ಮಲಗಿರುತ್ತದೆ. ಅಸಲಿ ಯಂತ್ರದಲ್ಲಿ ಮಾನಿಟರನ್ನೇ ತಿರುಗಿಸಿ ಕೂರಿಸಿದ್ದರು. ನಾನು ಕೋಡ್‌ನಲ್ಲಿ ತಿರುಗಿಸಿಕೊಂಡೆ. ಮಾನಿಟರ್ ಕೂಡ ಕಪ್ಪು-ಬಿಳುಪಿನದು, ಗಾಜಿನ ಮೇಲೆ ಅಂಟಿಸಿದ ಬಣ್ಣದ ಪಟ್ಟಿಗಳೇ ಬಣ್ಣ ಕೊಡುತ್ತಿದ್ದವು.

8080 ಒಂದು ಸಲಕ್ಕೆ ಒಂದೇ ಬಿಟ್ ಸರಿಸಬಲ್ಲದು. ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ನಯವಾಗಿ ಸರಿಸಲು ಅದು ಸಾಲದು. ಅದಕ್ಕೇ ಯಂತ್ರದ ಸರ್ಕ್ಯೂಟ್ ಬೋರ್ಡ್‌ನಲ್ಲಿ ಬಿಟ್‌ಗಳನ್ನು ಸರಿಸಿಕೊಡುವ ಪ್ರತ್ಯೇಕ ಶಿಫ್ಟ್ ಸರ್ಕ್ಯೂಟ್ ಇದೆ. ಪ್ರೊಸೆಸರ್ ಅದರೊಂದಿಗೆ ಮಾತಾಡುವುದು ಪೋರ್ಟ್ ಎಂಬ ಸಂಖ್ಯೆ ಹಾಕಿದ ದಾರಿಗಳ ಮೂಲಕ. ಪೋರ್ಟ್ 4ಕ್ಕೆ ಡೇಟಾ, ಪೋರ್ಟ್ 2ಕ್ಕೆ ಎಷ್ಟು ಸರಿಸಬೇಕೆಂಬ ಸಂಖ್ಯೆ, ಉತ್ತರ ಪೋರ್ಟ್ 3ರಿಂದ. ನನ್ನ ಕೋಡ್‌ನಲ್ಲಿ ಇದು ನಾಲ್ಕೈದು ಸಾಲು. ಆದರೂ ಇಡೀ ಬೋರ್ಡ್‌ನಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದೇ.

ಈಗ ವೇಗದ ವಿಷಯ. ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತದೆ. ಒಂದೊಂದು ಸಲಕ್ಕೂ ಪ್ರೋಗ್ರಾಂ ಸರಿಸುವುದು ಒಂದೇ ಒಂದು ಏಲಿಯನ್. ಶುರುವಿನಲ್ಲಿ 11ರ 5 ಸಾಲು, ಅಂದರೆ 55. ಎಲ್ಲವೂ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಹತ್ತು ಉಳಿದರೆ ಸೆಕೆಂಡಿನ ಆರನೇ ಒಂದು ಭಾಗ ಸಾಕು. ಒಂದೇ ಉಳಿದರೆ ಪ್ರತಿ ಸಲವೂ ಅದರದೇ ಸರದಿ! ಪರದೆ ಹೊಸದಾಗುವ ಒಂದೊಂದು ಸಲವೂ (ಒಂದೊಂದು ಫ್ರೇಮ್) ನಿಲ್ಲಿಸಿ ನೋಡಿದೆ: ಒಂದು ಏಲಿಯನ್ ಮುಂದೆ ಹೋಗುತ್ತದೆ, ಪಕ್ಕದ್ದು ಇನ್ನೂ ಹಿಂದೆಯೇ ಇರುತ್ತದೆ. ಸಾಲಿನಲ್ಲಿ ಅಲೆಯಂತೆ ಕಾಣುವ ಆ ನಡಿಗೆ ಹೀಗೆ ಹುಟ್ಟಿದ್ದು. ನಿಶಿಕಾಡೊ ಈ ವೇಗವನ್ನು ಗಮನಿಸಿ, ಸರಿಪಡಿಸದೆ ಹಾಗೇ ಬಿಟ್ಟರು. ಮುಂದೆ ಬಂದ ಎಷ್ಟೋ ಆಟಗಳಲ್ಲಿ ಕಷ್ಟ ಏರುತ್ತಾ ಹೋಗುವ ಪದ್ಧತಿಯ ಬೇರು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಕೊನೆಯ ಏಲಿಯನ್‌ಗೆ ಮಾತ್ರ ಬೇರೆ ನಿಯಮವೂ ಇದೆ. ಎಡಕ್ಕೆ 2 ಚುಕ್ಕೆ ಸರಿದರೆ ಬಲಕ್ಕೆ 3.

ಆಟಗಾರನಿಗೆ ಮರೆಯಾಗಿ ನಿಲ್ಲುವ ಗುರಾಣಿಗಳದ್ದೂ ಸೊಗಸಾದ ಲೆಕ್ಕ. ಗುಂಡಿನ ಚಿತ್ರವನ್ನು ಪರದೆಯಲ್ಲಿ ಬಿಡಿಸುವಾಗ ಅಲ್ಲಿ ಮೊದಲೇ ಚುಕ್ಕೆ ಇದೆಯಾ ಅಂತ ಪ್ರೋಗ್ರಾಂ ನೋಡುತ್ತದೆ. ಇದ್ದರೆ ಡಿಕ್ಕಿ. ಖಾಲಿ ಜಾಗದಲ್ಲಿ ನಾನು ಸುಮ್ನೆ ಒಂದು ಬೈಟ್ ಬರೆದೆ, ಗುಂಡು ಅಲ್ಲೇ ಸಿಡಿಯಿತು. ಪರದೆಯೇ ಪ್ರೋಗ್ರಾಂನ ನೆನಪು ಅಲ್ವಾ!

 

ಶಬ್ದಕ್ಕೆ ಮಾತ್ರ 8080 ಸಾಕಾಗುವುದಿಲ್ಲ. ಅದನ್ನು ಹೊರಡಿಸುತ್ತಿದ್ದುದು ಬೇರೆ ಸರ್ಕ್ಯೂಟ್‌ಗಳು, ಹಾಗಾಗಿ ರೆಕಾರ್ಡ್ ಮಾಡಿದ ಸದ್ದು ಬೇಕು. ಪೋರ್ಟ್ 5ರ ಮೊದಲ ನಾಲ್ಕು ಬಿಟ್‌ಗಳಿಗೆ ಏಲಿಯನ್‌ಗಳ ನಾಲ್ಕು ಹೆಜ್ಜೆ ಸದ್ದು ಮೊದಲು ಜೋಡಿಸಿ. ಹಾರುವ ತಟ್ಟೆಯದ್ದು ಆಮೇಲೆ ಮಾಡಿದರಾಯಿತು.