ಮುಂಗಡ ಬಿಟ್ಟೆ, ರೆಂಡಿಟ್ಟಾ ಇಳಿಯಿತು

ಆಳುಗಳನ್ನು ಉಳಿಸಿಕೊಳ್ಳಲು ಮುಂಗಡ ಕೊಡುವುದನ್ನು ನಿಲ್ಲಿಸುತ್ತೇನೆ ಎಂದಾಗ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನನ್ನಂತೆ ಗೂಡಿನಿಂದ ನೂಲು ತೆಗೆಸುವ ಒಬ್ಬ ಹಿರಿಯ ರೀಲರ್ ನನ್ನ ಭುಜ ಹಿಡಿದು, ‘ಮೂರು ತಿಂಗಳಲ್ಲಿ ನಿನ್ನ ಬೇಸಿನ್ ಮುಂದೆ ಕೂರಲು ಆಳಿರುವುದಿಲ್ಲ ತಮ್ಮಾ’ ಎಂದಿದ್ದರು. ಅದಾಗಿ ನಾಲ್ಕು ವರ್ಷ. ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ಈಗಲೂ ನನ್ನಲ್ಲೇ ಇದ್ದಾರೆ.

5 ಕೋಟಿ ಲಾಭ ದಾಟಿದ ಕಂಪನಿಗಳು ಸಾಮಾಜಿಕ ಹೊಣೆಗೆಂದು ಲಾಭದ ಶೇ. 2 ತೆಗೆದಿಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ನೂಲು ಬಿಚ್ಚುವ ಬಿಸಿನೀರಿನ ತೊಟ್ಟಿ, ಅಂದರೆ ಬೇಸಿನ್, ಹತ್ತೇ ಇರುವ ನನಗೆ ಅದು ಅನ್ವಯಿಸುವುದಿಲ್ಲ. ಸುತ್ತಲಿನವರ, ಕೆಲಸದವರ ಕಷ್ಟ ಕಡಿಮೆ ಮಾಡಲು ನಾನು ಶುರುಮಾಡಿದ್ದು ಹೊಗೆ ಮತ್ತು ವಾಸನೆಯ ಬಗ್ಗೆ ಪಕ್ಕದ ಬೀದಿಯವರು ದೂರು ಕೊಟ್ಟ ಮೇಲೆ.

ಮೊದಲು ಕೈ ಸುಟ್ಟುಕೊಂಡೆ. ಸೌದೆ ಉಳಿಸಲು ಸುಮಾರು ತೊಂಬತ್ತು ಸಾವಿರ ಹಾಕಿ ಸೌರ ಹೀಟರ್ ಕೂರಿಸಿದೆ. ನಮ್ಮ ಕೊಳವೆ ಬಾವಿಯ ಗಡಸು ನೀರಿಗೆ ಎಂಟು ತಿಂಗಳಲ್ಲಿ ಕೊಳವೆಗಳೆಲ್ಲ ಸುಣ್ಣ ಕಟ್ಟಿದವು, ಗುಜರಿಗೆ ಹೋಯಿತು. ಆಮೇಲೆ ಬಾಯ್ಲರ್ ಹೊಗೆಯ ದಾರಿಯಲ್ಲೇ ನೀರಿನ ಕೊಳವೆ ಸುತ್ತಿಸಿದೆ. ದಿನಕ್ಕೆ ಇನ್ನೂರು ಕಿಲೋ ಇದ್ದ ಸೌದೆ ನೂರಮೂವತ್ತಕ್ಕೆ ಬಂತು. ತಿಂಗಳಿಗೆ ಎಂಟು ಸಾವಿರದ ಆಸುಪಾಸು ಉಳಿತಾಯ. ಕೊಳವೆಯನ್ನು ಎಷ್ಟು ಸುತ್ತು, ಯಾವ ಎತ್ತರದಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ಎರಡು ಬಾಯ್ಲರ್ ಹಾಳುಮಾಡಿಕೊಂಡಿದ್ದೇನೆ.

ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳು, ಅಂದರೆ ಪ್ಯೂಪಾ, ದಿನವೂ ಹಸಿಯಾಗಿ ಐವತ್ತು ಕಿಲೋ ಮೀರಿ ಬೀಳುತ್ತದೆ. ಅದನ್ನು ಮೊದಲು ಮಾಳಿಗೆಯ ಮೇಲೆ ಹರಡುತ್ತಿದ್ದೆವು. ಕಾಗೆ, ನೊಣ, ಜಗಳ. ಈಗ ಅದೇ ಹೊಗೆಯ ಬಿಸಿಯಲ್ಲಿ ತಟ್ಟೆಗಳಲ್ಲಿಟ್ಟು ಒಣಗಿಸಿ ಮೀನಿನ ಮೇವಿನವರಿಗೆ ಕೊಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಸರಿಯಾಗಿ ಒಣಗುವುದಿಲ್ಲ, ಅದೊಂದು ಬಾಕಿ. ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸಿ ಗೂಡು ಬೇಯಿಸಿಯೂ ನೋಡಿದೆ. ನೂಲಿನ ಹೊಳಪು ಎದ್ದು ಕಂಡಿತು, ಆದರೆ ತೊಟ್ಟಿ ಹದಿನೈದು ದಿನಕ್ಕೇ ಖಾಲಿ.

ನಿಜವಾದ ದುಡ್ಡು ಬಂದದ್ದು ಜನರಿಂದ. ಮುಂಗಡದ ಬದಲು ತಿಂಗಳ ಸಂಬಳ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಶೌಚಾಲಯ, ಗಂಟೆಗೊಮ್ಮೆ ಬಿಸಿನೀರಿನಿಂದ ಕೈ ತೆಗೆದು ಎಣ್ಣೆ ಹಚ್ಚಿಕೊಳ್ಳಲು ಬಿಡುವು. ಇಎಸ್‌ಐಗೆ ನನ್ನ ಪಾಲು ಸಂಬಳದ ಶೇ. 3.25, ತಿಂಗಳಿಗೆ ಐದೂವರೆ ಸಾವಿರ. ಮೊದಲ ವರ್ಷ ಲೆಕ್ಕ ನೋಡಿ ನಿದ್ದೆ ಬಂದಿರಲಿಲ್ಲ. ಮೂವರು ಬಿಟ್ಟೂ ಹೋದರು. ಆದರೆ ಬೆರಳು ಹುಣ್ಣಾಗದ, ನಾಳೆಯೂ ಅದೇ ಬೇಸಿನ್ನಿಗೆ ಬರುವ ಹೆಂಗಸು ಎಳೆ ತುಂಡಾದ ಕೂಡಲೇ ಹಿಡಿಯುತ್ತಾಳೆ. ಜೂಟು, ಅಂದರೆ ವ್ಯರ್ಥವಾಗುವ ಎಳೆ, ಕಡಿಮೆಯಾಯಿತು. ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕ, ಅಂದರೆ ರೆಂಡಿಟ್ಟಾ, ಎಂಟು ಕಿಲೋದಿಂದ ಏಳೂವರೆಗೆ ಇಳಿಯಿತು. ದಿನಕ್ಕೆ ಎಂಬತ್ತು ಕಿಲೋ ಗೂಡು ಬಿಚ್ಚುವವನಿಗೆ ಅರ್ಧ ಕಿಲೋಗೂ ಹೆಚ್ಚು ನೂಲು ಪುಕ್ಕಟೆ. ಡೆನಿಯರ್, ಅಂದರೆ ಎಳೆಯ ದಪ್ಪದ ಅಳತೆ, ಏರುಪೇರಿಲ್ಲವೆಂದು ಮಗ್ಗದವರೂ ಕಿಲೋಗೆ ನೂರಿನ್ನೂರು ಹೆಚ್ಚು ಕೊಡುತ್ತಾರೆ.

ದೀಪಾವಳಿ ಕಳೆದ ಮೇಲೆ ಇನ್ನು ಆರು ಬೇಸಿನ್ ಹಾಕುತ್ತಿದ್ದೇನೆ. ಆಳು ಹುಡುಕಿಕೊಂಡು ಹೋಗಿಲ್ಲ. ಇರುವವರೇ ತಂಗಿ, ಸೊಸೆಯರ ಹೆಸರು ಬರೆಸಿದ್ದಾರೆ.