ಆಪರೇಷನ್‌ಗೆ ಮುಂಚಿನ ಎರಡು ವಾರ: ಆತಂಕ ಇಳಿಸುವುದು, ನಿದ್ದೆ ಸರಿಪಡಿಸುವುದು ಹೇಗೆ?

ಆಪರೇಷನ್ ದಿನ ಗೊತ್ತಾದ ಮೇಲೆ ರಕ್ತಪರೀಕ್ಷೆ, ಇಸಿಜಿ ಎಲ್ಲವೂ ಚಾಚೂತಪ್ಪದೆ ಆಗುತ್ತವೆ. ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳುವವರು ಮಾತ್ರ ಕಡಿಮೆ. ನಿದ್ದೆಗೆಟ್ಟವರಿಗೆ ಅದೇ ಗಾಯ ಹೆಚ್ಚು ನೋಯುತ್ತದೆ. ನೋವು ಜಾಸ್ತಿಯಾದರೆ ಎದ್ದು ಓಡಾಡುವುದು ತಡವಾಗುತ್ತದೆ, ಕೆಮ್ಮಲು ಹೆದರಿ ಕಫ ಕಟ್ಟಿಕೊಳ್ಳುತ್ತದೆ. ವಯಸ್ಸಾದವರಿಗಂತೂ ಆಪರೇಷನ್ ಬಳಿಕ ಹೊತ್ತು, ಜಾಗ ತಿಳಿಯದೆ ಗೊಂದಲವಾಗುವ ಸಾಧ್ಯತೆಯೂ ಹೆಚ್ಚು.

ಭಯವನ್ನು ಪ್ರಶ್ನೆಯಾಗಿಸಿ

‘ಹೆದರಬೇಡಿ’ ಎಂದರೆ ಯಾರ ಹೆದರಿಕೆಯೂ ಹೋಗುವುದಿಲ್ಲ. ಕಾಡುವ ಒಂದೊಂದು ಭಯವನ್ನೂ ಬರೆದು, ಅದರ ಎದುರು ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ಬರೆಯಿರಿ. ಪೂರ್ತಿ ಅರಿವಳಿಕೆಯೋ, ಬೆನ್ನಿಗೆ ಇಂಜೆಕ್ಷನ್ನೋ? ನೋವಿಗೆ ಏನು, ಎಷ್ಟು ಗಂಟೆಗೊಮ್ಮೆ ಕೊಡುತ್ತೀರಿ? ಕಣ್ಣು ಬಿಟ್ಟಾಗ ಮೈಮೇಲೆ ಯಾವ ಟ್ಯೂಬ್‌ಗಳಿರುತ್ತವೆ? ಈ ಕೊನೆಯದನ್ನು ಮರೆಯಲೇಬೇಡಿ. ಮೂತ್ರದ ಟ್ಯೂಬ್ ಇದ್ದರೆ ಎಚ್ಚರವಾದ ಕೂಡಲೇ ಮೂತ್ರ ಒತ್ತಿ ಬಂದಂತೆನಿಸುತ್ತದೆ. ಮೊದಲೇ ಗೊತ್ತಿದ್ದವರು ಸುಮ್ಮನಿರುತ್ತಾರೆ, ಗೊತ್ತಿಲ್ಲದವರು ಗಾಬರಿಯಿಂದ ಎದ್ದೇಳಲು ಹೋಗುತ್ತಾರೆ.

ಉಸಿರಾಟ

ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಒಂದು ಕೈ ಹೊಟ್ಟೆಯ ಮೇಲಿರಲಿ, ಏಳಬೇಕಾದದ್ದು ಎದೆಯಲ್ಲ, ಹೊಟ್ಟೆ. ದಿನಕ್ಕೆರಡು ಸಲ, ಹತ್ತತ್ತು ನಿಮಿಷ. ಹಲವರು ಜೋರಾಗಿ ಉಸಿರೆಳೆಯುತ್ತಾರೆ; ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಆತಂಕ ಮತ್ತಷ್ಟು ಏರುತ್ತದೆ. ಹಾಗಾದರೆ ಉಸಿರನ್ನು ಸಣ್ಣದು ಮಾಡಿ. ಇದನ್ನು ಈಗಿನಿಂದಲೇ ರೂಢಿಸಿಕೊಳ್ಳಿ, ಥಿಯೇಟರ್ ಬಾಗಿಲಲ್ಲಿ ಹೊಸದಾಗಿ ಕಲಿಯಲು ಆಗದು.

ನಿದ್ದೆಯ ರಿಪೇರಿ ಬೆಳಿಗ್ಗೆಯಿಂದ ಶುರು

ರಾತ್ರಿ ಹೇಗೇ ಕಳೆದಿರಲಿ, ದಿನವೂ ಒಂದೇ ಹೊತ್ತಿಗೆ ಏಳಿ, ಎದ್ದು ಬೆಳಕಿಗೆ ಬನ್ನಿ. ಹಗಲು ಮಲಗಲೇಬೇಕೆನಿಸಿದರೆ ಮಧ್ಯಾಹ್ನ ಮೂರು ಗಂಟೆಯೊಳಗೆ, ಅರ್ಧ ತಾಸು ಸಾಕು. ನಿದ್ದೆ ಕಮ್ಮಿಯಾಯಿತೆಂದು ಎಂಟಕ್ಕೇ ಹಾಸಿಗೆ ಸೇರುವುದು ದೊಡ್ಡ ತಪ್ಪು. ನಿದ್ದೆ ಬಾರದೆ ಹೊರಳಾಡುತ್ತ ಹಾಸಿಗೆಯೇ ಚಿಂತೆಯ ಜಾಗವಾಗುತ್ತದೆ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ.

ಕಾಫಿ, ಟೀ ಮಧ್ಯಾಹ್ನಕ್ಕೆ ಮುಗಿಯಲಿ. ಹೆಚ್ಚು ಕುಡಿಯುವವರು ದಿನಾ ಸ್ವಲ್ಪ ಸ್ವಲ್ಪ ಇಳಿಸಿ, ಥಟ್ಟನೆ ನಿಲ್ಲಿಸಿದರೆ ಆಪರೇಷನ್ ದಿನ ತಲೆನೋವು ಬರಬಹುದು. ಮದ್ಯ ನಿದ್ದೆ ಹತ್ತಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ನಿತ್ಯ ಕುಡಿಯುವವರು ಅದನ್ನು ವೈದ್ಯರಿಗೆ ಮುಚ್ಚಿಡಬಾರದು.

ಮಾತ್ರೆ

ಬೇರೆಯವರ ನಿದ್ದೆ ಮಾತ್ರೆ ನುಂಗಬೇಡಿ. ತಾವೇ ನಿತ್ಯ ತೆಗೆದುಕೊಳ್ಳುವವರು ಸ್ವಂತ ನಿರ್ಧಾರದಿಂದ ನಿಲ್ಲಿಸಲೂಬೇಡಿ. ಗಿಡಮೂಲಿಕೆಯ ಮಾತ್ರೆ, ಪುಡಿಗಳನ್ನೂ ಅರಿವಳಿಕೆ ತಜ್ಞರಿಗೆ ತಿಳಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು ಇದ್ದರೆ ತಪ್ಪದೆ ಹೇಳಿ: ಅಂಥವರಿಗೆ ನಿದ್ದೆ ಬರಿಸುವ ಔಷಧ, ಬಲವಾದ ನೋವು ನಿವಾರಕ ಎರಡೂ ಉಸಿರಾಟವನ್ನು ಕುಗ್ಗಿಸಬಹುದು. ಮನೆಯಲ್ಲಿ ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿಯೊತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಬಳಸುತ್ತಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಹಿಂದಿನ ರಾತ್ರಿ

ಬ್ಯಾಗು, ಕಾಗದಪತ್ರ ಸಂಜೆಯೊಳಗೆ ಸಿದ್ಧವಾಗಲಿ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ನೀರಿಗೆ 2 ಗಂಟೆ ಮುಂಚಿನ ಮಿತಿ; ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅದೇ ಅಂತಿಮ. ಆ ರಾತ್ರಿ ನಿದ್ದೆ ಬಾರದಿದ್ದರೂ ಎಲ್ಲ ಕೆಟ್ಟಿತೆಂದುಕೊಳ್ಳಬೇಡಿ, ಹಿಂದಿನ ರಾತ್ರಿಗಳ ನಿದ್ದೆ ನಿಮ್ಮ ಜೊತೆಗಿದೆ. ಎದೆ ಡವಡವ ನಿಲ್ಲದಿದ್ದರೆ ನರ್ಸ್‌ಗೆ ಹೇಳಿ, ಅಗತ್ಯವಿದ್ದರೆ ಶಮನಕ್ಕೆ ಔಷಧ ಕೊಡುತ್ತಾರೆ.

ವಾರ್ಡಿಗೆ ಕಣ್ಪಟ್ಟಿ, ಕಿವಿಗೆ ಇಯರ್‌ಪ್ಲಗ್ ಇರಲಿ. ಹಿರಿಯರ ಕನ್ನಡಕ, ಶ್ರವಣಯಂತ್ರ ಎಚ್ಚರವಾದ ಕೂಡಲೇ ಕೈಗೆ ಸಿಗಬೇಕು. ನೋವು ಏರುವ ತನಕ ಕಾಯದೆ, ಹೊತ್ತಿಗೆ ಸರಿಯಾಗಿ ಔಷಧ ಕೇಳಿ ಪಡೆಯಿರಿ.